ಎರಡನೆಯ ತುಳಿತಕ್ಕೆ ಮಾತ್ರ ಸಿಗುತ್ತಿದ್ದ ಬ್ರೇಕ್

ಇಂದು ಬೆಳಿಗ್ಗೆ ಪೆಡಲ್ ಮೊದಲ ತುಳಿತಕ್ಕೇ ಕಲ್ಲಿನಂತೆ ನಿಂತಿತು. ಹನ್ನೊಂದು ದಿನ ಬೇಕಾಯಿತು. ಕೈಯ ಎಣ್ಣೆ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ಗಾಡಿ ನನ್ನ ಹಳೆಯ ಅಮೆರಿಕನ್ ಕಾರು: 1966ರ ಪಾಂಟಿಯಾಕ್ ಜಿಟಿಒ, 389 ಘನ ಇಂಚಿನ ಎಂಜಿನ್, ನಾಲ್ಕು ಬ್ಯಾರೆಲ್ಲಿನ (ಗಾಳಿ ಹಾಯುವ ಕೊಳವೆಯ) ಒಂದೇ ಕಾರ್ಬ್ಯುರೇಟರ್, 335 ಅಶ್ವಶಕ್ತಿ. ಎಂಜಿನ್ ಬ್ಲಾಕ್ ಮೇಲಿನ ಎರಡಕ್ಷರದ ಗುರುತು ಕಾರ್ಖಾನೆಯ ದಾಖಲೆಯೊಂದಿಗೆ ತಾಳೆಯಾಗುತ್ತದೆ. ಹಾಗಾಗಿ ಎಂಜಿನ್, ಗೇರ್‌ಬಾಕ್ಸ್, ಬಣ್ಣ ಇವುಗಳ ತಂಟೆಗೆ ನಾನು ಹೋಗುವುದಿಲ್ಲ. ಬ್ರೇಕಿನ ಮಾತು ಬೇರೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವುದು ಮಾಸ್ಟರ್ ಸಿಲಿಂಡರ್; 1966ರದರಲ್ಲಿ ಇರುವುದು ಒಂದೇ ಕೋಣೆ. ಎಲ್ಲೋ ಒಂದು ಪೈಪ್ ಸೀಳಿದರೆ ನಾಲ್ಕು ಚಕ್ರಗಳೂ ಒಟ್ಟಿಗೆ ಕೈಬಿಡುತ್ತವೆ. ಮರುವರ್ಷದ ಮಾದರಿಗೆ ಕಂಪನಿಯೇ ಎರಡು ಕೋಣೆಯದನ್ನು ಕೊಟ್ಟಿತು. ಒಂದೂವರೆ ಟನ್ನಿನ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಹೋಗುವವನು ನಾನು. ಮೂಲಸ್ಥಿತಿಯ ಹೆಸರಿನಲ್ಲಿ ಈ ಅಪಾಯವನ್ನು ಉಳಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹಾಗೆಂದು ನಾಲ್ಕೂ ಕಡೆ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿ ಚಕ್ರಗಳನ್ನೇ ಬದಲಿಸುವ ಪಂಥಕ್ಕೂ ನಾನು ಸೇರಿದವನಲ್ಲ. ಕೊರೆಯಬಾರದು, ಕತ್ತರಿಸಬಾರದು, ಬೆಸುಗೆ ಹಾಕಬಾರದು. ಬರೀ ಸ್ಪ್ಯಾನರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಹಿಂದಿನಂತೆ ಮಾಡಲು ಬರಬೇಕು. ನನ್ನ ಕಟ್ಟುಪಾಡು ಇಷ್ಟೇ.

ಎರಡು ಕೋಣೆಯ ಸಿಲಿಂಡರ್ ಅದೇ ಬೋಲ್ಟ್‌ಗಳಿಗೆ ಕೂತಿತು. ಚಾಸಿಸ್ ಮೇಲಿನ ಹಿತ್ತಾಳೆಯ ಕವಲಿನಲ್ಲಿ ಹಿಂಚಕ್ರದ ಬಾಯಿಗೆ ಬಿರಡೆ ಹಾಕಿ, ಹಿಂದಕ್ಕೆ ಬೇರೆ ಪೈಪ್ ಎಳೆದೆ. ಪೈಪಿನ ತುದಿಯನ್ನು ಅರಳಿಸುವುದು (ಫ್ಲೇರ್), ಎಣ್ಣೆಯೊಳಗಿನ ಗಾಳಿ ತೆಗೆಯುವುದು ನಿಮಗೆಲ್ಲ ಗೊತ್ತೇ ಇದೆ.

ಕಾಟ ಶುರುವಾದದ್ದು ಆಮೇಲೆ. ಮೊದಲ ಸಲ ಒತ್ತಿದರೆ ಪೆಡಲ್ ನೆಲದ ಹತ್ತಿರಕ್ಕೆ ಇಳಿಯುತ್ತಿತ್ತು, ತಕ್ಷಣ ಇನ್ನೊಮ್ಮೆ ಒತ್ತಿದರೆ ಗಟ್ಟಿ. ಐದು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಮೊದಲಿನಂತೆಯೇ. ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳನ್ನು ಅದಕ್ಕೆ ತಾಗುವಷ್ಟು ಬಿಗಿ ಮಾಡಿ ನೋಡಿದೆ, ಪೆಡಲ್‌ನಿಂದ ಸಿಲಿಂಡರ್‌ಗೆ ಹೋಗುವ ಪುಶ್‌ರಾಡ್ ಅಳೆದೆ. ನಾಲ್ಕು ಸಲ ಗಾಳಿ ತೆಗೆದೆ. ನಾಲ್ಕು ಸಲವೂ ಗುಳ್ಳೆ ಬಂತು. “ಅಪ್ಪಾ, ಮತ್ತೆ ಇಳಿಯಿತು” ಎಂದು ಪೆಡಲ್ ಮೇಲೆ ಕಾಲಿಟ್ಟ ಮಗಳು ಹೇಳುವಾಗಲೆಲ್ಲ ಎದೆಯೂ ಅದರೊಂದಿಗೇ ಇಳಿಯುತ್ತಿತ್ತು. ಹೊರಗೆ ಎಲ್ಲಿಯೂ ಒಂದು ಹನಿ ಸೋರಿಕೆ ಇಲ್ಲ.

ಏಳನೆಯ ದಿನ ಸಿಲಿಂಡರ್‌ನ ಎರಡೂ ಬಾಯಿಗಳನ್ನು ಬಿರಡೆಯಿಂದ ಮುಚ್ಚಿ ಒತ್ತಿದೆ. ಕಲ್ಲು! ಅಂದರೆ ಸಿಲಿಂಡರ್ ಒಳಗಿನ ರಬ್ಬರುಗಳೆಲ್ಲ ಸರಿಯಾಗಿವೆ, ಗಾಳಿ ಸೇರುತ್ತಿರುವುದು ಅದರಿಂದಾಚೆ. ಎಣ್ಣೆ ಹೊರಗೆ ಬಾರದ ಕಡೆ ಗಾಳಿ ಒಳಗೆ ಹೋಗುವುದು ಹೇಗೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ, ಚಕ್ರದೊಳಗಿದ್ದು ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಕಪ್‌ಗಳಲ್ಲಿತ್ತು. ಒಳಗಿನಿಂದ ಒತ್ತಡ ಬಂದಾಗ ಕಪ್ಪಿನ ಅಂಚು ಅರಳಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಪೆಡಲ್ ಥಟ್ಟನೆ ಬಿಟ್ಟಾಗ ಪೈಪಿನೊಳಗೆ ಕ್ಷಣಕಾಲ ಒತ್ತಡ ಕುಸಿದು, ಅಂಚು ಸಡಿಲಗೊಂಡು, ಹೊರಗಿನ ಗಾಳಿ ನುಸುಳುತ್ತದೆ. ಇದನ್ನು ತಡೆಯಲೆಂದೇ ಹಳೆಯ ಡ್ರಮ್ ಬ್ರೇಕ್‌ಗಳ ಪೈಪಿನಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡವನ್ನು ಸದಾ ಹಿಡಿದಿಡುವ ಪುಟ್ಟ ರಬ್ಬರ್ ವಾಲ್ವ್ ಮಾಸ್ಟರ್ ಸಿಲಿಂಡರ್‌ನ ಬಾಯಿಯೊಳಗೆ ಇರುತ್ತದೆ. ಶೂ ಎಳೆಯುವ ಸ್ಪ್ರಿಂಗಿನ ಬಲದ ಮುಂದೆ ಅದು ಏನೂ ಅಲ್ಲ, ಕಪ್ಪನ್ನು ಅರಳಿಸಿಡಲು ಮಾತ್ರ ಸಾಕು. ಡಿಸ್ಕ್‌ಗೆ ಇದೇ ಒತ್ತಡ ಕೊಟ್ಟರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಆದ್ದರಿಂದ ಅದರ ಮಾಸ್ಟರ್ ಸಿಲಿಂಡರ್‌ನಲ್ಲಿ ಈ ವಾಲ್ವ್ ಇರುವುದಿಲ್ಲ.

ಮಾಸ್ಟರ್ ಸಿಲಿಂಡರ್‌ನ ಬಾಯಿಗೆ ತೆಳು ತಂತಿ ತೂರಿಸಿ ನೋಡಿದೆ. ಹಳೆಯದರಲ್ಲಿ ತಂತಿ ರಬ್ಬರಿಗೆ ತಾಗಿ ನಿಂತಿತು. ಹೊಸದರ ಎರಡೂ ಬಾಯಿಗಳಲ್ಲಿ ಅಡ್ಡಿಯಿಲ್ಲದೆ ಒಳಗೆ ಹೋಯಿತು. ಡ್ರಮ್ ಬ್ರೇಕಿನದೆಂದು ಅಚ್ಚಾದ ಡಬ್ಬಿಯಲ್ಲಿ ಡಿಸ್ಕ್ ಬ್ರೇಕಿನ ಸಿಲಿಂಡರನ್ನು ಮಾರಿದವರು ಕಳಿಸಿದ್ದರು. ಫೋನ್ ಮಾಡಿದರೆ ಎರಡೂ ಒಂದೇ, ಗಾಳಿ ಸರಿಯಾಗಿ ತೆಗೆಯಿರಿ ಎಂಬ ಉತ್ತರ. ಬಾಗಿಲಿನ ಹಿಡಿ ತಪ್ಪಿ ಬಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬ್ರೇಕ್ ಮಾರುವವರು ಹೀಗೆ ಮಾತನಾಡುವುದನ್ನು ಸಹಿಸಲಾರೆ. ವೀಲ್ ಸಿಲಿಂಡರ್ ಬಿಚ್ಚಿದರೆ, ಕಪ್ಪನ್ನು ಅಗಲಿಸಿ ಹಿಡಿಯುವ ತಗಡಿನ ತುಣುಕುಗಳೂ ಸ್ಪ್ರಿಂಗಿನ ತುದಿಯಲ್ಲಿರಲಿಲ್ಲ. ಅವು ಇದ್ದಿದ್ದರೆ ವಾಲ್ವ್ ಇಲ್ಲದಿದ್ದರೂ ನಡೆಯುತ್ತಿತ್ತು. ಈಗ ಹೊಸ ಪೈಪುಗಳ ನಡುವೆ, ಮಾಸ್ಟರ್ ಸಿಲಿಂಡರ್‌ಗೆ ಹತ್ತಿರದಲ್ಲಿ, 10 ಪೌಂಡಿನ ಎರಡು ಬಿಡಿ ವಾಲ್ವ್ ಕೂರಿಸಿದ್ದೇನೆ. ಬಾಣದ ಗುರುತು ಚಕ್ರದ ಕಡೆಗೆ ಇರಲಿ, ಮರೆಯಬೇಡಿ.

ಈ ನಡುವೆ ಗೆಳೆಯರೊಬ್ಬರು ಟ್ರೈ-ಪವರ್ ಜೋಡಣೆಯೊಂದನ್ನು ಕೊಡಲು ಮುಂದೆ ಬಂದಿದ್ದಾರೆ. ಎರಡು ಬ್ಯಾರೆಲ್ಲಿನ ಮೂರು ಕಾರ್ಬ್ಯುರೇಟರ್. 1966ರಲ್ಲಿ 360 ಅಶ್ವಶಕ್ತಿಯ ಆಯ್ಕೆಯಾಗಿದ್ದು, ಮರುವರ್ಷ ಜಿಟಿಒದಿಂದ ಮಾಯವಾದದ್ದು. ಅದನ್ನು ಕಂಡರೆ ಕೈ ಕಡಿಯುತ್ತದೆ. ಬೋಲ್ಟ್ ಬಿಚ್ಚಿ ಹಾಕುವ ಕೆಲಸವಾದ್ದರಿಂದ ನನ್ನ ಕಟ್ಟುಪಾಡನ್ನೂ ಅದು ಮುರಿಯುವುದಿಲ್ಲ. ಆದರೂ ಬೇಡವೆಂದೆ. ಎರಡು ಕೋಣೆಯ ಸಿಲಿಂಡರನ್ನು ನೋಡಿದವರಿಗೆ ಅದು ಆಮೇಲೆ ಬಂದದ್ದೆಂದು ತಕ್ಷಣ ತಿಳಿಯುತ್ತದೆ. ಟ್ರೈ-ಪವರ್ ಹಾಗಲ್ಲ, ಬಾನೆಟ್ ಎತ್ತಿದವರೆಲ್ಲ ಹುಟ್ಟಿನಿಂದಲೇ ಇದ್ದದ್ದೆಂದು ನಂಬುತ್ತಾರೆ, ನನ್ನ ಗಾಡಿ ಸುಳ್ಳು ಹೇಳಿದಂತಾಗುತ್ತದೆ. ಹಾಗಾಗಿ ಮುಂದಿನ ಕೆಲಸ ಇದರದೇ ಕಾರ್ಟರ್ ಎಎಫ್‌ಬಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು.

ಹಳೆಯ ಮಾಸ್ಟರ್ ಸಿಲಿಂಡರನ್ನು ಒರೆಸಿ, ಬಾಯಿಗಳನ್ನು ಮುಚ್ಚಿ, ಅದರ ಪೈಪ್ ಸಮೇತ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮೇಲಿನ ಚೀಟಿಯಲ್ಲಿ ಯಾವ ನಟ್ ಎಲ್ಲಿಯದೆಂದು ಮಗಳು ಬರೆದಿದ್ದಾಳೆ.