ರೇಡಿಯೇಷನ್ ಮುಗಿದ ಮೇಲೆ ಎಷ್ಟು ವರ್ಷ?

ಮೂಗಿನ ಹಿಂದೆ, ಮೆದು ಅಂಗುಳದ ಮೇಲಿರುವ ನಾಸೋಫ್ಯಾರಿಂಕ್ಸ್ ಎಂಬ ಇಕ್ಕಟ್ಟಾದ ಜಾಗದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರ ಮನೆಯವರು, ರೋಗಿಯನ್ನು ಹೊರಗೆ ಕೂರಿಸಿ ಒಳಬಂದು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ರೇಡಿಯೇಷನ್ ಆದ ಮೇಲೆ ಎಷ್ಟು ವರ್ಷ ಬದುಕ್ತಾರೆ?" ಅಷ್ಟು ಹೊತ್ತಿಗೆ ಅವರು ಮೊಬೈಲಿನಲ್ಲಿ ಯಾವುದೋ ಒಂದು ಅಂಕಿಯನ್ನು ಓದಿಕೊಂಡು ಬಂದಿರುತ್ತಾರೆ. ಆ ಅಂಕಿ ಯಾವ ಕಾಲದ್ದು, ಯಾವ ಹಂತದ ರೋಗಿಗಳದ್ದು ಎಂದು ತಿಳಿಯದೆ ಅದರಿಂದ ಏನನ್ನೂ ಹೇಳಲಾಗದು ಎಂಬುದೇ ನನ್ನ ಉತ್ತರದ ಮೊದಲ ಭಾಗ.

ಉದಾಹರಣೆಗೆ, 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬೆಳೆದ ಹಂತದ ರೋಗವಿದ್ದು ಬರೀ ರೇಡಿಯೇಷನ್ ಪಡೆದವರ ಪೈಕಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 47; ಜೊತೆಗೆ ಕೀಮೋ ಪಡೆದವರಲ್ಲಿ ಶೇ. 78. ಚೀನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೇಡಿಯೇಷನ್ನಿಗೆ ಮೊದಲೇ ಜೆಮ್‌ಸಿಟಬಿನ್ ಮತ್ತು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಗಳನ್ನು ಕೊಟ್ಟವರಲ್ಲಿ ಅದೇ ಮೂರು ವರ್ಷಕ್ಕೆ ಬದುಕಿದ್ದವರು ಶೇ. 94.6, ಕೊಡದವರಲ್ಲಿ ಶೇ. 90.3. ಈ ಏರಿಕೆಯನ್ನೆಲ್ಲ ಔಷಧಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಎರಡು ಅಧ್ಯಯನಗಳ ರೋಗಿಗಳ ಗೆಡ್ಡೆಯ ಬಗೆ ಒಂದೇ ಆಗಿರಲಿಲ್ಲ. ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ಹೊಂದಿಸುವ ಐಎಂಆರ್‌ಟಿ ವಿಧಾನ ನಡುವೆ ಬಂದಿತ್ತು. ಎಂಆರ್‌ಐ ಮತ್ತು ಪೆಟ್ ಸ್ಕ್ಯಾನ್ ಬಂದ ಮೇಲೆ, ಹಿಂದೆ ಕಣ್ತಪ್ಪುತ್ತಿದ್ದ ದೂರದ ಹರಡುವಿಕೆ ಮೊದಲೇ ಗೊತ್ತಾಗಿ ಅಂಥವರು ಈ ಲೆಕ್ಕದಿಂದ ಹೊರಗುಳಿಯತೊಡಗಿದರು. ಹಾಗಿದ್ದರೂ ಹಳೆಯ ಅಂಕಿ ಇಂದು ಚಿಕಿತ್ಸೆಗೆ ಬಂದವರದ್ದಲ್ಲ ಎಂಬ ಮಾತಂತೂ ನಿಲ್ಲುತ್ತದೆ.

ಇನ್ನೊಂದು ಗೊಂದಲ ನನಗೆ ಆಗಾಗ ಎದುರಾಗುತ್ತದೆ. "ಐದು ವರ್ಷದ ಬದುಕುಳಿಯುವಿಕೆ" ಎಂದರೆ ಐದೇ ವರ್ಷ ಬದುಕುವುದು ಎಂದಲ್ಲ. ಐದು ವರ್ಷ ಕಳೆದಾಗ ನೂರಕ್ಕೆ ಎಷ್ಟು ಜನ ಇದ್ದಾರೆ ಎಂಬ ಎಣಿಕೆ ಮಾತ್ರ. ಮೊದಲ ಹಂತದಲ್ಲೇ ಸಿಕ್ಕಿ, ರೇಡಿಯೇಷನ್ ಒಂದರಿಂದಲೇ ಚಿಕಿತ್ಸೆ ಆದವರಲ್ಲಿ ಆ ಎಣಿಕೆ ತೊಂಬತ್ತರ ಆಸುಪಾಸಿನಲ್ಲಿರುತ್ತದೆ. ದುರದೃಷ್ಟವಶಾತ್, ಕತ್ತಿನಲ್ಲಿ ಗಂಟು ಕಾಣಿಸಿಕೊಂಡ ಮೇಲೆಯೇ ಬರುವವರೇ ಹೆಚ್ಚು.

ನಮ್ಮ ಕೈಯಲ್ಲಿರುವ ಒಂದು ಸಂಗತಿಯ ಬಗ್ಗೆ ಮನೆಯವರು ಕೇಳುವುದೇ ಇಲ್ಲ. ಸಾಮಾನ್ಯವಾಗಿ 70 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಪ್ರಮಾಣವನ್ನು 33ರಿಂದ 35 ಕಂತುಗಳಲ್ಲಿ, ವಾರಕ್ಕೆ ಐದು ದಿನದಂತೆ, ಸುಮಾರು ಏಳು ವಾರ ಕೊಡುತ್ತೇವೆ. ನಾಲ್ಕನೆಯ ವಾರದ ಹೊತ್ತಿಗೆ ಬಾಯೊಳಗೆಲ್ಲ ಹುಣ್ಣಾಗಿ, ಎಂಜಲು ದಾರದಂತೆ ಅಂಟಾಗಿ, ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಆಗ "ಒಂದು ವಾರ ಸುಧಾರಿಸಿಕೊಂಡು ಬರ್ತೀವಿ" ಎನ್ನುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಆದರೆ ಆ ಬಿಡುವಿನಲ್ಲಿ ಉಳಿದ ಕ್ಯಾನ್ಸರ್ ಕೋಶಗಳೂ ಸುಧಾರಿಸಿಕೊಂಡು ಮತ್ತೆ ಬೆಳೆಯುತ್ತವೆ, ಗೆಡ್ಡೆ ಮರಳುವ ಸಂಭವ ಹೆಚ್ಚುತ್ತದೆ. ಮೂಗಿನ ಮೂಲಕ ನಳಿಕೆ ಹಾಕಿಯಾದರೂ ಆಹಾರ ಕೊಟ್ಟು ಕಂತು ತಪ್ಪದಂತೆ ನೋಡಿಕೊಳ್ಳಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಚಿಕಿತ್ಸೆ ಮುಗಿದ ಮೇಲೆ ಮುನ್ಸೂಚನೆ ಕೊಡುವ ಇನ್ನೊಂದು ಪರೀಕ್ಷೆ, ರಕ್ತದಲ್ಲಿನ ಎಪ್‌ಸ್ಟೈನ್-ಬಾರ್ ವೈರಸ್ಸಿನ ಡಿಎನ್‌ಎ. ವೈರಸ್ಸಿಗೂ ಈ ಕ್ಯಾನ್ಸರಿಗೂ ನಂಟಿರುವ ಕಡೆ, ಕೆಲವು ವಾರಗಳ ನಂತರವೂ ಅದು ಕಾಣಿಸುತ್ತಿದ್ದರೆ ಎಚ್ಚರ ಬೇಕು. ಮರಳುವ ರೋಗದ ಬಹುಪಾಲು ಮೊದಲ ಮೂರು ವರ್ಷದೊಳಗೇ ತಲೆಯೆತ್ತುತ್ತದೆ. ಈಗ ಅದು ಮೂಲ ಜಾಗಕ್ಕಿಂತ ಮೂಳೆ, ಶ್ವಾಸಕೋಶ, ಯಕೃತ್ತುಗಳಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಮೂಲ ಜಾಗದಲ್ಲೇ, ತೆಗೆಯಬಹುದಾದಷ್ಟು ಚಿಕ್ಕದಾಗಿ ಮರಳಿದರೆ ದಾರಿ ಮುಚ್ಚುವುದಿಲ್ಲ. 2021ರ ಒಂದು ಅಧ್ಯಯನದಲ್ಲಿ ಅಂಥವರಿಗೆ ಎಂಡೋಸ್ಕೋಪ್ ಮೂಲಕ ಶಸ್ತ್ರಚಿಕಿತ್ಸೆ ಮಾಡಿದಾಗ ಮೂರು ವರ್ಷಕ್ಕೆ ಶೇ. 85.8 ಮಂದಿ ಬದುಕಿದ್ದರು, ಮತ್ತೆ ರೇಡಿಯೇಷನ್ ಕೊಟ್ಟಾಗ ಶೇ. 68.

ಹೆಚ್ಚು ಜನ ಹೆಚ್ಚು ಕಾಲ ಬದುಕುತ್ತಿರುವುದರಿಂದಲೇ ಈಗ ತಡವಾಗಿ ಬರುವ ತೊಂದರೆಗಳನ್ನು ಹೆಚ್ಚು ನೋಡುತ್ತಿದ್ದೇವೆ: ಕಿವಿ ಮಂದವಾಗುವುದು, ಬಾಯಿ ಒಣಗುವುದು, ಥೈರಾಯ್ಡ್ ಕುಗ್ಗುವುದು, ದವಡೆ ಬಿಗಿಯುವುದು. ಥೈರಾಯ್ಡ್ ಪರೀಕ್ಷೆಯನ್ನು ಕನಿಷ್ಠ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಹಲ್ಲು ಕೀಳಿಸುವ ಪ್ರಸಂಗ ಎಷ್ಟೇ ವರ್ಷದ ನಂತರ ಬಂದರೂ, ದಂತವೈದ್ಯರಿಗೆ ರೇಡಿಯೇಷನ್ ಆಗಿರುವ ವಿಷಯವನ್ನು ಮೊದಲೇ ಹೇಳಿ. ರಕ್ತಸಂಚಾರ ತಗ್ಗಿರುವ ದವಡೆಯಲ್ಲಿ ಕಿತ್ತ ಜಾಗ ಮಾಯದೆ ಮೂಳೆಯೇ ಸಾಯಬಹುದು.