ಇಳಿಜಾರಿನ ಕಾಂಕ್ರೀಟ್: ಮೊದಲು ಮಣ್ಣು ನೋಡಿ

ಚಿತ್ರದುರ್ಗದಲ್ಲಿ ಗುಡ್ಡದ ಬುಡಕ್ಕೆ ಹೋದಷ್ಟೂ ಸಮತಟ್ಟು ಸೈಟು ಕಡಿಮೆ. ಸೈಟ್ ಸೂಪರ್‌ವೈಸರ್ ಆಗಿ ನನ್ನ ಕೈಗೆ ಬರುವುದು ಇಳಿಜಾರಿನ ಅಂಗಳ, ಗಾಡಿ ಹತ್ತಿಸುವ ರ‍್ಯಾಂಪ್‌ಗಳೇ ಜಾಸ್ತಿ. ಮನೆಯವರು ಮೊದಲು ಕೇಳುವುದು ಸಿಮೆಂಟ್ ಯಾವುದು, ಕಂಬಿ ಎಷ್ಟು ಅಂತ. ನಾನು ಮೊದಲು ನೋಡುವುದು ಮಣ್ಣು.

ತಗ್ಗಿಗೆ ಮಣ್ಣು ಸುರಿದು, ನೀರು ಬಿಟ್ಟು, ಮೇಲೆ ಜೆಸಿಬಿ ಓಡಿಸಿದರೆ ನೋಡೋಕೆ ಗಟ್ಟಿಯಾಗೇ ಕಾಣುತ್ತದೆ. ಆದರೆ ಹಳೇ ಇಳಿಜಾರಿಗೂ ಹೊಸ ಮಣ್ಣಿಗೂ ಹಿಡಿತವೇ ಇರುವುದಿಲ್ಲ. ನಡುವೆ ಮಳೆನೀರು ಇಳಿದರೆ ಹೊಸದು ಜಾರುತ್ತದೆ. ಕಾಂಕ್ರೀಟ್ ಅಡಿ ಟೊಳ್ಳಾಗುತ್ತದೆ, ಭಾರದ ಗಾಡಿ ಹತ್ತಿದಾಗ ಬಿರುಕು ಬಿಡುತ್ತದೆ.

ಅದಕ್ಕೇ ಹುಲ್ಲು, ಬೇರು, ಸಡಿಲ ಮಣ್ಣೆಲ್ಲ ಕೆರೆದು ಗಟ್ಟಿ ನೆಲ ಸಿಗಬೇಕು. ಆ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸುತ್ತೇನೆ. ಪ್ರತಿ ಮೆಟ್ಟಿಲೂ ಸ್ವಲ್ಪ ಗುಡ್ಡದ ಕಡೆಗೇ ವಾಲಿರಬೇಕು. ಆಮೇಲೆ ಗ್ರಾವೆಲ್ (ಗರಸು ಮಣ್ಣು), ಒಂದು ಸಲಕ್ಕೆ 6 ಇಂಚು ಮಾತ್ರ. ತೇವ ಸರಿ ಇದೆಯಾ ಅಂತ ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆ ನಿಲ್ಲಬೇಕು, ಅಂಗೈಗೆ ನೀರು ಬರಬಾರದು. ಒಂದು ಪದರ ಚೆನ್ನಾಗಿ ದಮ್ಮಸು ಮಾಡಿದ ಮೇಲೇ ಇನ್ನೊಂದು. ಒಂದೇ ಸಲ ಎರಡಡಿ ತುಂಬಿ ಮೇಲೆ ಎಷ್ಟು ಬಡಿದರೂ ಪೆಟ್ಟು ತಳಕ್ಕೆ ಮುಟ್ಟುವುದಿಲ್ಲ.

ದಾವಣಗೆರೆ ಕಡೆ ಎರೆ ಮಣ್ಣು ಸಿಕ್ಕರೆ ಅದನ್ನು ತುಂಬಲು ಬಳಸಲೇಬೇಡಿ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ತಿರುಗುವ ಹಾಗೆ ಚರಂಡಿ ಬೇಕು, ಅದೂ ಕಾಂಕ್ರೀಟಿಗೆ ಮೊದಲೇ. ನಮ್ಮ ಕೋಟೆ ಕಟ್ಟಿದವರು ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಎಷ್ಟು ಜಾಣತನದಿಂದ ಇಳಿಸಿದ್ದಾರೆ ಅಲ್ವಾ? ಅದೇ ಊರಲ್ಲಿ ನಾವು ಒಂದು ಚರಂಡಿಯನ್ನೂ ಮಾಡದೆ ಬಿಟ್ಟರೆ ಬೇಸರವಾಗುತ್ತದೆ.

ಕೆಳತುದಿಯಲ್ಲಿ ಗಟ್ಟಿ ನೆಲದೊಳಗೆ ಒಂದಡಿ ಕಾಲುವೆ ತೋಡಿಸಿ, ಅದಕ್ಕೂ ಮೇಲಿನ ಕಾಂಕ್ರೀಟ್ ಚಪ್ಪಡಿಯ ಜೊತೆಗೇ ಕಾಂಕ್ರೀಟ್ ತುಂಬಿಸುತ್ತೇನೆ. ಚಪ್ಪಡಿ ಜಾರದಂತೆ ಹಿಡಿಯುವುದು ಇದೇ. ಒಂದು ಘನ ಮೀಟರ್ ಹಸಿ ಕಾಂಕ್ರೀಟ್ ಸುಮಾರು 2,400 ಕೆ.ಜಿ. ತೂಗುತ್ತದೆ, ಅದರ ಒತ್ತಡ ಕೆಳತುದಿಯಲ್ಲಿ ಕಾಂಕ್ರೀಟ್ ತಡೆಯಲು ನಿಲ್ಲಿಸುವ ಹಲಗೆ ಮೇಲೆ ಜಾಸ್ತಿ. ಅಲ್ಲಿ ಗೂಟದ ಜೊತೆ ಓರೆ ಆಸರೆಯೂ ಇರಲಿ.

ಕಾಂಕ್ರೀಟ್ ಹಾಕುವ ಮುಂಚೆ ನೆಲ ನೆನೆಸಿ, ನೀರು ನಿಲ್ಲಿಸಬೇಡಿ. ಮಾಲು (ಕಲಸಿದ ಕಾಂಕ್ರೀಟ್) ನೀರಾಗದೆ ಬಿಗಿಯಾಗಿರಲಿ, ಕೆಳಗಿನಿಂದ ಮೇಲಕ್ಕೆ ಹಾಕುತ್ತಾ ಬನ್ನಿ. ಆಮೇಲೆ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿ ಇಡುವುದು; ಇಳಿಜಾರಿನಲ್ಲಿ ಅದಕ್ಕೆ ಕಟ್ಟೆ ಕಟ್ಟಿ ನೀರು ನಿಲ್ಲಿಸೋಕೆ ಆಗದು. ಒದ್ದೆ ಗೋಣಿಚೀಲ ಹೊದಿಸಿ, ಪಿಪಿಸಿ (ಪೊಜೊಲಾನಾ ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ ಒಣಗದ ಹಾಗೆ ನೋಡಿಕೊಳ್ಳಿ.