ಮೊದಲು ಇಬ್ಬಲೂರು ದಾಟಿಸಿ, ಆಮೇಲೆ ಬಣ್ಣ ಬಳಿಯಿರಿ

ಬೆಂಗಳೂರಿನ ಯಾವ ಸೈಕಲ್ ಯೋಜನೆಯ ನಕ್ಷೆ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಇಬ್ಬಲೂರನ್ನು. ಔಟರ್ ರಿಂಗ್ ರೋಡಿಗೆ ಸರ್ಜಾಪುರ ರಸ್ತೆ ಬಂದು ಕೂಡುವ ಜಾಗ. ಅಲ್ಲಿ ಸೈಕಲ್ ಇಳಿದು, ತಳ್ಳಿಕೊಂಡು, ಎರಡು ಬಸ್ಸಿನ ನಡುವೆ ಸಂದಿ ನೋಡಿ ನುಗ್ಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮಗಳನ್ನು ಮಾತ್ರ ಆ ದಾರಿಯಲ್ಲಿ ಕಳಿಸುವ ಧೈರ್ಯ ಇಲ್ಲ.

2020ರಲ್ಲಿ, ಕೊರೋನಾ ಹೊತ್ತಿನಲ್ಲಿ, ಇದೇ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಸುಮಾರು 17 ಕಿ.ಮೀ. ತಾತ್ಕಾಲಿಕ ಸೈಕಲ್ ಲೇನ್ ಮಾಡಲು ಹೊರಟರು. ಹಿಂದಿನ ವರ್ಷವೇ ಬಸ್ಸಿಗೆ ಬೇರೆ ಲೇನ್ ಬಂದಿತ್ತು, ಅದರ ಜೊತೆಗೆ ಇದು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸಲೀಸಾದ ಕಡೆ ಲೇನ್ ಚೆನ್ನಾಗಿರುತ್ತಿತ್ತು, ಎದೆ ಢವಢವ ಅನ್ನುವ ಜಂಕ್ಷನ್ನಿನಲ್ಲಿ ಮತ್ತೆ ನಮ್ಮ ಪಾಡು ನಮಗೆ. 2021ರಲ್ಲಿ ಮೆಟ್ರೋ ಕೆಲಸ ಶುರುವಾದ ಮೇಲಂತೂ ಕೇಳುವುದೇ ಬೇಡ. ಅದಕ್ಕೂ ಮುಂಚೆ ಜಯನಗರದಲ್ಲಿ ಗೆರೆ ಎಳೆದ ಲೇನ್‌ಗಳು ಏನಾದವು? ಕಾರು ನಿಲ್ಲಿಸಲು ಒಳ್ಳೆ ಜಾಗ ಆಯಿತು, ಅಷ್ಟೇ.

ಯಾವ ರಸ್ತೆ ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸಲು ಸಾಮಾನ್ಯವಾಗಿ ಅಂಕ ಕೊಡುತ್ತಾರೆ. ಜನ ಎಷ್ಟು, ಅಪಘಾತ ಎಷ್ಟು, ಖರ್ಚು ಎಷ್ಟು, ರಸ್ತೆ ಎಷ್ಟು ಅಗಲ, ಹೀಗೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಗಲಕ್ಕೂ ಅಗ್ಗಕ್ಕೂ ಜಾಸ್ತಿ ಅಂಕ ಬಿದ್ದರೆ ಸುಲಭದ ರಸ್ತೆಯೇ ಗೆಲ್ಲುತ್ತದೆ, ಇಬ್ಬಲೂರಿನಂಥ ಜಾಗ ಪ್ರತಿ ಸಲವೂ 'ಮೂರನೇ ಹಂತ'ಕ್ಕೆ ಹೋಗುತ್ತದೆ, ಮೂರನೇ ಹಂತ ಬರುವಷ್ಟರಲ್ಲಿ ಯೋಜನೆಯೇ ಹೊಸದಾಗಿರುತ್ತದೆ. ಜನರನ್ನು ಎಣಿಸುವುದರಲ್ಲೂ ಎಡವಟ್ಟಿದೆ. ಬೆಳಿಗ್ಗೆ ಹತ್ತಕ್ಕೆ ನಿಂತು ಎಣಿಸಿದರೆ ಐದೂವರೆಗೆ ಡ್ಯೂಟಿ ಬದಲಾಯಿಸಲು ಹೋಗುವ ಸೆಕ್ಯುರಿಟಿಯವರು ಸಿಗುತ್ತಾರಾ? ಹೆಲ್ಮೆಟ್ ಇಲ್ಲ, ಲೈಟ್ ಇಲ್ಲ, ಸರ್ವಿಸ್ ರೋಡಿನಲ್ಲಿ ಎದುರು ದಿಕ್ಕಿನಿಂದ ಬರುತ್ತಾರೆ, ಯಾಕೆಂದರೆ ನೆಟ್ಟಗೆ ಹೋದರೆ ಯು-ಟರ್ನ್ ಎಲ್ಲೋ ದೂರದಲ್ಲಿದೆ. ಹೆದರಿ ಸೈಕಲ್ ಬಿಟ್ಟವರಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸ್ಪೇನಿನ ಸೆವಿಲ್ಲಾದಲ್ಲಿ 2006-07ರ ಆಸುಪಾಸಿನಲ್ಲಿ ಸುಮಾರು 80 ಕಿ.ಮೀ. ಪಥವನ್ನು ಒಂದೇ ಏಟಿಗೆ ಹಾಕಿದರು. ಕಾರಿನ ದಾರಿಯಿಂದ ಬೇರೆ ಮಾಡಿ, ಒಂದಕ್ಕೊಂದು ಕೂಡಿಸಿ. ಮೊದಲು ಸೈಕಲ್ಲೇ ಅಪರೂಪವಾಗಿದ್ದ ಊರು ಅದು, ಕೆಲವೇ ವರ್ಷಗಳಲ್ಲಿ ಸವಾರರು ಎಷ್ಟೋ ಪಟ್ಟು ಹೆಚ್ಚಾದರು. ಅಷ್ಟು ದುಡ್ಡು, ಅಷ್ಟು ಹಟ ನಮ್ಮಲ್ಲಿ ಒಟ್ಟಿಗೆ ಬರುವುದು ಕಷ್ಟ, ಒಪ್ಪುತ್ತೇನೆ. ಆದರೆ ಕೂಡಿಸುವ ಕೆಲಸವನ್ನಾದರೂ ಮೊದಲು ಮಾಡಬಹುದಲ್ವಾ? ಎಚ್ಎಸ್ಆರ್ ಲೇಔಟ್ ಒಳಗೆ ನಾನು ಹೇಗೋ ಓಡಾಡುತ್ತೇನೆ, ಬೆಳ್ಳಂದೂರಿನ ಒಳರಸ್ತೆಗಳಲ್ಲೂ ನಡೆಯುತ್ತದೆ. ನಡುವೆ ಇಬ್ಬಲೂರಿನ ಆ ಸ್ವಲ್ಪ ದೂರ ದಾಟುವುದೇ ಗೋಳು. ಅದೊಂದು ಸರಿಯಾದರೆ ಎರಡೂ ಕಡೆಯ ಬೀದಿಗಳು ಪುಕ್ಕಟೆಯಾಗಿ ಸೈಕಲ್ ದಾರಿಯಾಗುತ್ತವೆ.

ಇನ್ನೊಂದು ಮಾತು. ಪೈಪಿಗೋ ಚರಂಡಿಗೋ ರಸ್ತೆಯನ್ನು ಹೇಗೂ ಅಗೆಯುತ್ತಲೇ ಇರುತ್ತಾರೆ. ಅಗೆದ ರಸ್ತೆಗೆ ಮತ್ತೆ ಟಾರು ಹಾಕುವಾಗಲೇ ಸೈಕಲ್ಲಿಗೆ ಜಾಗ ಬಿಟ್ಟರೆ ಅಂಥ ರಸ್ತೆ ಪಟ್ಟಿಯಲ್ಲಿ ಮುಂದೆ ಬರಲಿ, ನನ್ನ ತಕರಾರಿಲ್ಲ. ಮೆಟ್ರೋ ಕೆಲಸ ಮುಗಿದ ಮೇಲೆ ಔಟರ್ ರಿಂಗ್ ರೋಡನ್ನೂ ಹೇಗೂ ಮತ್ತೆ ಹೊಸದಾಗಿ ಮಾಡಲೇಬೇಕು. ಆಗ ಬರುವ ನಕ್ಷೆಯಲ್ಲೂ ನಾನು ಇಬ್ಬಲೂರಿನ ನಂಬರ್ ಎಷ್ಟು ಅಂತಲೇ ನೋಡುವುದು.